ಆರಾಮಿಲ್ಲ ಅನ್ನುವ ಮಾತು

ನಮ್ಮ ನೇಸರಗಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹಿಟ್ಟಿನ ಗಿರಣಿಯ ವೀರಪ್ಪನನ್ನು ಕರೆಯುತ್ತಾರೆ. ಹೆಣ ಹೊರಲಿಕ್ಕಲ್ಲ, ಬೀಗರು ನೆಂಟರಿಗೆ ಫೋನ್ ಮಾಡಲಿಕ್ಕೆ. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಫೋನಿನಲ್ಲೇ "ನಿಮ್ಮಪ್ಪ ಸತ್ತ" ಎಂದು ಒದರಿ, ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ಎಚ್ಚರ ತಪ್ಪಿ ಬಿದ್ದಿದ್ದಳು. ಅಂದಿನಿಂದ ಈ ಕೆಲಸ ವೀರಪ್ಪನಿಗೆ ಗಂಟುಬಿತ್ತು. ಗಿರಣಿಯ ಗದ್ದಲದಲ್ಲೇ ಬದುಕಿದರೂ ಅವನ ದನಿ ಮಾತ್ರ ಏರಿದ್ದಿಲ್ಲ. ಕಟ್ಟೆಯ ಮೇಲೆ ಕುಂತು ಒಬ್ಬೊಬ್ಬರಿಗೂ ಮೆತ್ತಗೆ ಹೇಳುತ್ತಾನೆ: "ಹಿರ್ಯಾರಿಗೆ ಸ್ವಲ್ಪ ಆರಾಮಿಲ್ಲರಿ. ಗಾಬರಿ ಆಗಬ್ಯಾಡ್ರಿ. ಲಗೂನ ಬಂದುಬಿಡ್ರಿ."

ಕೇಳಿದವರೇನು ದಡ್ಡರೇ? ವೀರಪ್ಪನ ದನಿ ಎಂದ ಕೂಡಲೇ ಮಣ್ಣಿಗೆ ಹೋಗುವ ತಯಾರಿಯಲ್ಲೇ ಬಸ್ಸು ಹತ್ತುತ್ತಾರೆ. ಇಪ್ಪತ್ತು ವರ್ಷದಿಂದ ಈ ಸುಳ್ಳು ಎರಡೂ ಕಡೆಯವರಿಗೆ ಗೊತ್ತಿದ್ದೇ ನಡೆದಿತ್ತು. ನಾನು ಬುರಾನಸಾಬ, ಟಂಟಂ ಆಟೊ ಓಡಿಸುವವನು, ಅವನ ಬಾಜೂ ಮನೆಯವನು. "ಏನರೆ ಇದ್ರ ಮನಿಗೇ ಬಾ ಮಾರಾಯಾ, ನೀ ನನಗ ಫೋನ್ ಮಾಡಬ್ಯಾಡ" ಎಂದು ಚೇಷ್ಟೆ ಮಾಡುತ್ತಿದ್ದೆ.

ಹೋದ ತಿಂಗಳು ಒಂದು ಮುಂಜಾನೆ ಅವನ ಹೆಂಡತಿ ಸೋಮವ್ವ ರೊಟ್ಟಿ ಹಿಟ್ಟು ನಾದುತ್ತಿದ್ದವಳು ಹಾಗೇ ವಾಲಿದಳು. ಬಾಯಿ ಸೊಟ್ಟಗಾಗಿತ್ತು. ಲಕ್ವಾ. ನನ್ನ ಟಂಟಂದಲ್ಲೇ ಬೈಲಹೊಂಗಲದ ದವಾಖಾನೆಗೆ ಒಯ್ದೆವು.

"ಲಗೂನ ತಂದೀರಿ, ಜೀವಕ್ಕೇನೂ ಭಯ ಇಲ್ಲ" ಎಂದರು ಡಾಕ್ಟರು. "ಆದ್ರ ಮಾತು ಬರಾಕ ದಿನಾ ಹಿಡೀತಾವು. ಮಗಳನ್ನ ಕರಸ್ರಿ, ಗುರುತಿನ ದನಿ ಕೇಳಲಿ."

ಮಗಳು ಶೈಲಜಾ ರಾಮದುರ್ಗದಲ್ಲಿ. ಏಳು ತಿಂಗಳ ಬಸುರಿ, ಮೇಲೆ ಬಿ.ಪಿ. ಬೇರೆ. ಅಳಿಯ ಕೆಲಸಕ್ಕೆ ಹೋದವನು ಫೋನ್ ಎತ್ತಲಿಲ್ಲ. ವೀರಪ್ಪ ಮಗಳಿಗೇ ಹಚ್ಚಿದ.

"ಶೈಲಾ, ನಿಮ್ಮವ್ವಗ ಸ್ವಲ್ಪ ಆರಾಮಿಲ್ಲವಾ. ಗಾಬರಿ ಆಗಬ್ಯಾಡ. ಲಗೂನ..."

ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಹೋಯಿತು. ಆ ಕಡೆ ಅವಳು ಚೀರಿದ್ದು ಬಾಗಿಲ ಬಳಿ ನಿಂತ ನನಗೂ ಕೇಳಿಸಿತು.

"ಇಲ್ಲವಾ, ಖರೇನ ಆರಾಮಿಲ್ಲ! ಜೀವ ಐತಿ!"

"ಎಲ್ಲಾರಿಗೂ ಹಿಂಗ ಹೇಳ್ತಿ ಅಪ್ಪಾ! ನನಗರೆ ಖರೇ ಹೇಳು! ಅವ್ವನ ಕಡೆ ಫೋನ್ ಕೊಡು!"

ಮಾತು ನಿಂತವಳ ಕಡೆ ಏನಂತ ಕೊಡುವುದು? ನಾನು ದೊಡ್ಡ ಜಾಣ, ಅವನ ಕೈಯಿಂದ ಫೋನ್ ತಗೊಂಡು ವಿಡಿಯೊ ಹಚ್ಚಿದೆ. ಮೂಗಿಗೆ ನಳಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಮಲಗಿದ ಸೋಮವ್ವ ಕಂಡಳು. ಹುಡುಗಿ ಇನ್ನೂ ಜೋರಾಗಿ ಚೀರಿದಳು. ದಿಕ್ಕು ತೋಚದೆ "ಧೈರ್ಯ ತಗೋ ನನ ಮಗಳ" ಎಂದೆ. ನನ್ನ ನಾಲಗೆಗೆ ಬರೆ ಹಾಕಬೇಕು. ಆ ಮಾತನ್ನು ಯಾವ ಮನೆಯಲ್ಲಿ ಹೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೇ?

"ಕಾಕಾ, ಹೊಟ್ಟಿ ಬಿಗಿಯಾಕ ಹತ್ತೈತಿ" ಎಂದಳು. ಏದುಸಿರು ಬಿಡುತ್ತಿದ್ದಳು. ಅಲ್ಲಿ ಮನೆಯಲ್ಲಿ ಅವಳೊಬ್ಬಳೇ.

ವೀರಪ್ಪ ಫೋನ್ ಇಸಿದುಕೊಂಡ. ಊರಿಗೆಲ್ಲ ಸಮಾಧಾನ ಹೇಳಿದವನು ಹೆಂಡತಿಯ ಕಾಟಿನ ಪಕ್ಕ ನೆಲಕ್ಕೆ ಕುಸಿದು ಹೋ ಎಂದು ಅತ್ತ. "ಹೆಂಗ ಹೇಳಲಿ ತಿಳೀವಲ್ದವಾ... ನಿಮ್ಮವ್ವ ಮಾತಾಡವಲ್ಲಳು... ನನಗ ಅಂಜಿಕಿ ಬರಾಕ ಹತ್ತೈತಿ..."

ನರ್ಸು ಓಡಿ ಬಂದಳು. ಮುಗಿಯಿತು, ಅಪ್ಪನ ಅಳು ಕೇಳಿದ ಮೇಲೆ ಆ ಹುಡುಗಿಯ ಗತಿ ಏನು ಎಂದು ನಾನು ತಲೆ ಹಿಡಿದುಕೊಂಡೆ.

ಆದರೆ ಆ ಕಡೆ ಚೀರಾಟ ನಿಂತಿತ್ತು.

"ಅಪ್ಪಾ, ನೀ ಅಳಾಕ ಹತ್ತೀ?"

ವೀರಪ್ಪ ಇನ್ನೂ ಬಿಕ್ಕುತ್ತಲೇ ಇದ್ದ.

"ನಿನ್ನ ಹಡದ ಆಯಿ ಸತ್ತಾಗೂ ಆರಾಮಿಲ್ಲ ಅಂತ ನನಗ ನೀನ ಫೋನ್ ಮಾಡಿದ್ದಿ. ದನಿ ಒಂಚೂರು ನಡಗಿರಲಿಲ್ಲ." ಅವಳು ದೊಡ್ಡದಾಗಿ ಉಸಿರು ಬಿಟ್ಟಳು. "ಹಂಗಾರ ಅವ್ವ ಅದಾಳ."

"ಅದಾಳವಾ, ಅದಾಳ. ನಿನ್ನ ಹೊಟ್ಟಿ?"

"ಸಡ್ಲಾಗಾಕ ಹತ್ತೈತಿ. ನೀ ಸುಮ್ಮನಾಗಬ್ಯಾಡ ಅಪ್ಪಾ, ಅಳು. ನಾ ಕೇಳಕೋಂತ ಇರತೇನಿ."