ಕುರ್ಸಿ ಫಿಕ್ಸ್, ಬಹಳ ಫಿಕ್ಸ್

ಸೋಲೋ ಎಂಬ ಊರಿನ ನಮ್ಮ ಬಸ್ ಕಂಪನಿಯಲ್ಲಿ ಟಿಕೆಟ್ ಮುದ್ರಿಸುವ ಸ್ಕ್ರಿಪ್ಟು ಬರೆದವಳು ಪುಜಿಯಕ್ಕ. ಒಂದೇ ಫೈಲು, ಹನ್ನೊಂದು ಸಾವಿರ ಸಾಲು. ಸೀಟು, ದರ, ಪ್ರಿಂಟರು ಎಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಮುಟ್ಟಿದರೆ ಅವಳೇ ಮುಟ್ಟಬೇಕು. ಆ ಜಂಭವೂ ಇತ್ತು. ಏನು ಕೆಟ್ಟರೂ ತಪ್ಪು ಪ್ರಿಂಟರಿನದು, ಕರೆಂಟಿನದು, ಇಲ್ಲವೇ ಕೌಂಟರಿನಲ್ಲಿ ಕೂತ ನನ್ನದು.

ಜಂಭಕ್ಕೆ ದಂಡವನ್ನೂ ತೆತ್ತಳು. ರಂಜಾನ್ ಉಪವಾಸ ಮುಗಿಯುವ ಲೆಬರಾನ್ ಹಬ್ಬಕ್ಕೆ ಊರಿಗೆ ಊರೇ ಬಸ್ಸು ಹತ್ತಿ ಮನೆಗೆ ಹೋಗುತ್ತದೆ, ಇವಳು ಮಾತ್ರ ಆಫೀಸಿನಲ್ಲೇ. ಹಬ್ಬದ ಬೆಳಿಗ್ಗೆ ಸಾಕಿದ ದೊಡ್ಡಮ್ಮನ ಮುಂದೆ ಮಂಡಿಯೂರಿ ಕ್ಷಮೆ ಕೇಳುವ ಶಾಸ್ತ್ರವನ್ನು ಒಂಬತ್ತು ವರ್ಷ ಫೋನಿನಲ್ಲೇ ಮುಗಿಸಿದಳು. ಈ ಸಲ ದೊಡ್ಡಮ್ಮ ಹೇಳಿಬಿಟ್ಟರು: "ಫೋನಿಗೆ ಮಂಡಿ ಊರಿದ್ರೆ ಫೋನೇ ಕ್ಷಮಿಸ್ಲಿ. ಈ ಹಬ್ಬಕ್ಕೆ ಬರದಿದ್ರೆ ಇನ್ಮೇಲೆ ಬರ್ಲೇಬೇಡ."

ಪುಜಿಯಕ್ಕ ಅತ್ತಳು, ಆಮೇಲೆ ಫೈಲನ್ನು ಒಡೆದು ಪಾಲು ಮಾಡಿದಳು. ಸೀಟಿಗೊಂದು, ದರಕ್ಕೊಂದು, ಪ್ರಿಂಟಿಗೊಂದು. ಎಲ್ಲವನ್ನೂ ಹೆಸರು ಹಿಡಿದು ಕರೆಯಲು ಮೇಲೊಂದು ಪುಟ್ಟ ಫೈಲು.

"ಆಗ್ನೆಸ್, ನೀನು ಕ್ರೈಸ್ತಳು, ಹಬ್ಬದ ದಿನ ನಿಂಗೇನು ಕೆಲ್ಸ? ಏನು ಕೆಟ್ಟಿದ್ಯೋ ಆ ಫೈಲು ಮಾತ್ರ ತೆಗಿ. ಬೇರೆದಕ್ಕೆ ಮೂಗು ತೂರಿಸ್ಬೇಡ."

"ಆಯ್ತು ಮಹಾರಾಣಿ, ಬಸ್ಸು ಹೊರಡುತ್ತೆ, ಹೋಗು," ಎಂದೆ.

ಹಬ್ಬದ ಬೆಳಿಗ್ಗೆ ಮೂವತ್ತೆರಡು ಸೀಟಿನ ಬಸ್ಸಿಗೆ ನಲವತ್ತು ಟಿಕೆಟ್ ಹೊರಬಂದವು. ಮೂವತ್ತೇಳನೇ ಸೀಟು ಹುಡುಕುತ್ತ ಒಬ್ಬ ಹಾಜಿ ಡಿಕ್ಕಿಯನ್ನೂ ತೆಗೆಸಿ ನೋಡಿದರು. ನಾನು ಕಂಪ್ಯೂಟರ್ ತೆರೆದೆ. ಸೀಟಿನ ಫೈಲು ಒಂದಲ್ಲ, ಎರಡು: 'ಕುರ್ಸಿ ಫಿಕ್ಸ್', ಪಕ್ಕದಲ್ಲೇ 'ಕುರ್ಸಿ ಫಿಕ್ಸ್ ಬಾಂಗೆತ್', ಅಂದರೆ ಬಹಳ ಫಿಕ್ಸ್. ನಮ್ಮಲ್ಲಿ ಫಿಕ್ಸ್ ಎಂದರೆ ಮುಗಿಯಿತು, ಇನ್ನು ಬದಲಿಲ್ಲ. ಆದರೂ ಅಲ್ಲಿಗೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಮೊದಲನೆಯದರಲ್ಲಿ ಹೊಸ ಬಸ್ಸಿನ ಮೂವತ್ತೆರಡು, ಎರಡನೆಯದರಲ್ಲಿ ಹಳೆಯ ಬಸ್ಸಿನ ನಲವತ್ತು. ಮೇಲಿನ ಫೈಲು ಎರಡನ್ನೂ ಕರೆದಿತ್ತು, ಕೊನೆಗೆ ಬಂದದ್ದರ ಮಾತೇ ನಡೆದಿತ್ತು.

ಒಂದು ಸಾಲು ಅಳಿಸಿದೆ, ಸರಿಹೋಯಿತು. ಫೋನ್ ಮಾಡುವ ಅಗತ್ಯವೇ ಇರಲಿಲ್ಲ. ನನ್ನ ಹೊಟ್ಟೆ ತಣ್ಣಗಾಗಲಿ ಎಂದು ಮಾಡಿದೆ.

"ಮಂಡಿಯೂರಿದ್ದೀನಿ ಕಣೇ, ಬೇಗ ಹೇಳು!"

"ನಲವತ್ತು ಟಿಕೆಟ್ ಬಂತು. ಎರಡೂ ಕುರ್ಸೀನ ಕರೆದಿದ್ದೆ ನೀನು. ಈಗ ಸರಿ ಮಾಡ್ದೆ. ಇದೂ ಪ್ರಿಂಟರಿನ ತಪ್ಪಾ?"

ಆ ಕಡೆಯಿಂದ ತೀರ ಸಣ್ಣ ದನಿ: "ಇಲ್ಲ. ತಪ್ಪು ನಂದೇ. ಕ್ಷಮಿಸ್ಬಿಡು."

ಹಿಂದೆಯೇ ದೊಡ್ಡಮ್ಮನ ಬಿಕ್ಕು ಕೇಳಿಸಿತು. "ಅಯ್ಯೋ ಮಗಳೇ, ಈ ಮಾತು ಬಾಯಿಗೆ ಬರೋಕೆ ಒಂಬತ್ತು ವರ್ಷ ಬೇಕಾಯ್ತೇನೇ? ಕ್ಷಮಿಸ್ದೆ, ಏಳು, ಊಟ ಮಾಡು."

ಪುಜಿಯಕ್ಕ ಕ್ಷಮೆ ಕೇಳಿದ್ದು ನನ್ನನ್ನು ಎನ್ನಲು ಬಾಯಿ ಬರಲಿಲ್ಲ. ಸದ್ದಿಲ್ಲದೆ ಫೋನ್ ಇಟ್ಟು ಕೌಂಟರಿನಲ್ಲೇ ಅತ್ತುಬಿಟ್ಟೆ.