ಆ ವೈರನ್ನು ಕಂಡವಳು ನಾನು

ಪವಾಡ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುವುದಿಲ್ಲ. ಆದರೂ ಇದನ್ನು ಬರೆಯಲೇಬೇಕು. ನನಗಾದ ಅನುಭವವನ್ನು ನನ್ನ ಅಣ್ಣ ತನ್ನದೆಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ. ಮೈಯೆಲ್ಲ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ತೊಗರಿ ಕಟ್ಟಿಗೆಯ ಹೊರೆ ಎತ್ತುವಾಗ ತುದಿಯೊಂದು ಚುಚ್ಚಿ ನನ್ನ ಎಡಗಣ್ಣು ಹೋಯಿತು. ಅಂದಿನಿಂದ ಜಗತ್ತೆಲ್ಲ ಗೋಡೆಯ ಕ್ಯಾಲೆಂಡರಿನ ಚಿತ್ರದಂತೆ ಚಪ್ಪಟೆ. ಚಹಾ ಸುರಿದರೆ ಕಪ್ಪಿನ ಹೊರಗೆ ಬೀಳುತ್ತಿತ್ತು. ಮಗಳು ಓಡಿಬಂದರೆ ಎಷ್ಟು ಹತ್ತಿರ ಬಂದಳೆಂದು ತಿಳಿಯದೆ ಬರೀ ಗಾಳಿಯನ್ನು ತಬ್ಬುತ್ತಿದ್ದೆ. ಬಸವಕಲ್ಯಾಣದ ಸಂತೆಯಲ್ಲಿ ಯಾವುದು ಹತ್ತಿರ, ಯಾವುದು ದೂರ ತಿಳಿಯದೆ, ಮೊದಲು ಯಾವುದರ ಮೇಲೆ ಕಣ್ಣಿಡಬೇಕೆಂದೇ ತೋಚುತ್ತಿರಲಿಲ್ಲ. ಅಣ್ಣನಿಗೆ ಅದು ನಗೆಯ ವಿಷಯ. "ಇನ್ನೊಂದ ಕಣ್ಣ ಐತೆಲ್ಲ? ಎಲ್ಲಾ ನಾಟಕ ಮಾಡ್ತಿ," ಎನ್ನುತ್ತಿದ್ದ.

ಒಂದು ದಿನ ಅವನ ಮೋಟಾರ್‌ಸೈಕಲ್ಲಿನಲ್ಲೇ ಹುಮನಾಬಾದಿನ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. "ಎರಡು ಕಣ್ಣ ಬ್ಯಾರೆಬ್ಯಾರೆ ನೋಡಿದ್ದು ಮಿದುಳಿನ್ಯಾಗ ಕೂಡಿದ್ರ ಆಳ ತಿಳೀತದರಿ. ಎದ್ದು ಕಾಣೂದರ ಕಡೆ ಲಕ್ಷ್ಯ ತಾನ ಹೋಗ್ತದ. ನಿಮಗ ಇನ್ನ ಅದು ಬರಂಗಿಲ್ರಿ," ಎಂದರು. ಅಣ್ಣ ಮೊಬೈಲ್ ನೋಡುತ್ತ ಕೂತಿದ್ದ.

ವಾಪಸು ಬರುವಾಗ ಹೊತ್ತು ಮುಳುಗುತ್ತಿತ್ತು. ಹೊಲ, ಕಂಬ, ಆಕಾಶ ಎಲ್ಲ ಒಂದೇ ಹಾಳೆ. ಇದ್ದಕ್ಕಿದ್ದಂತೆ ಆ ಹಾಳೆಯಿಂದ ಒಂದು ಗೆರೆ ಮಾತ್ರ ಹೊರಗೆದ್ದು ನಮ್ಮ ಕಡೆ ಬಂತು. ಬೇರೇನೂ ಕಾಣಲಿಲ್ಲ. "ನಿಂದ್ರಸೋ ಅಣ್ಣಾ!" ಎಂದು ಚೀರಿದೆ. "ಹುಚ್ಚಿ, ಏನಾತ?" ಎಂದು ಬೈಯುತ್ತಲೇ ಬ್ರೇಕ್ ಹಾಕಿದ. ಕಂಬದಿಂದ ಸಡಿಲಾದ ಕರೆಂಟ್ ವೈರು ರಸ್ತೆಗೆ ಅಡ್ಡವಾಗಿ, ಸರಿಯಾಗಿ ಅವನ ಕುತ್ತಿಗೆಯ ಎತ್ತರಕ್ಕೆ ಜೋತುಬಿದ್ದಿತ್ತು. ಅವನು ಗಾಡಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದ. ನಾನು ಮತ್ತೆ ನೋಡಿದೆ. ವೈರು ಚಿತ್ರದೊಳಗೆ ಸೇರಿಹೋಗಿತ್ತು.

ಡಾಕ್ಟರರಿಗೆ ಹೇಳಿದರೆ, ಒಂದೇ ಕಣ್ಣಿಗೂ ಅಲ್ಪಸ್ವಲ್ಪ ಅಂದಾಜು ಸಿಗುತ್ತದೆ ಎಂದು ನಕ್ಕರು. ಅಂದಾಜಂತೆ! ಕಂಡವಳು ನಾನೋ ಅವರೋ?

ಮೊನ್ನೆ ಚಿಟಗುಪ್ಪದ ಮದುವೆಯೂಟದಲ್ಲಿ ಅಣ್ಣ ಮತ್ತೆ ಶುರುಮಾಡಿದ. "ವೈರ್ ನನಗ ದೂರಿಂದಾನ ಕಂಡಿತ್ತು." ಎಲೆ ಬಿಟ್ಟು ಎದ್ದೆ. "ಕಂಡಿತ್ತಂದ್ರ ನನಗ ಹುಚ್ಚಿ ಅಂತ ಯಾಕ ಬೈದಿ?" ಪಂಕ್ತಿಯವರೆಲ್ಲ ಅವನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತ.

ಹೇಗೆ ಕಂಡಿತೋ ನನಗೂ ಗೊತ್ತಿಲ್ಲ. ಆಮೇಲೆ ಒಮ್ಮೆಯೂ ಹಾಗೆ ಕಂಡಿಲ್ಲ. ನನ್ನ ಸಿಟ್ಟು ಈಗ ಅಣ್ಣನಿಗಿಂತ ಆ ಸತ್ತ ಕಣ್ಣಿನ ಮೇಲೇ ಹೆಚ್ಚು. ಇಂಥವನ ಕುತ್ತಿಗೆಗೆಂದು ಒಂದು ಗಳಿಗೆ ಎದ್ದು ಬಂದದ್ದು, ನನ್ನ ಮಗಳು ಕೈಚಾಚಿ ಓಡಿಬರುವಾಗ ಯಾಕೆ ಬರುವುದಿಲ್ಲ?