ಸ್ಕ್ಯಾನಿಗೆ ಹೂವಿನ ನೆಪ

ಇವತ್ತು ಬೆಳಿಗ್ಗೆ ಕೆ.ಆರ್. ಪುರದ ಮೆಟ್ರೊ ನಿಲ್ದಾಣದಲ್ಲಿ ಒಬ್ಬ ಹುಡುಗಿ ನೀರು ಕುಡಿಯುತ್ತಿದ್ದಳು. ಇದರಲ್ಲೇನು ವಿಶೇಷ ಎನ್ನುತ್ತೀರಿ. ಬಾಯಾರಿದವರು ನೀರು ಕುಡಿಯುವ ರೀತಿಯೇ ಬೇರೆ. ಇವಳು ಕಷಾಯ ಕುಡಿಯುವವಳಂತೆ ಮುಖ ಕಿವುಚಿಕೊಂಡು ಒಂದೊಂದೇ ಗುಟುಕು ಇಳಿಸುತ್ತಿದ್ದಳು. ಪಕ್ಕದಲ್ಲಿದ್ದ ತಾಯಿ, "ಇನ್ನೂ ಅರ್ಧ ಬಾಟ್ಲಿ ಐತೆ, ಮುಗ್ಸು" ಎಂದು ಮೆಲ್ಲಗೆ ಗದರುತ್ತಿದ್ದರು. ಹುಡುಗಿ ಈ ಕಾಲಿನಿಂದ ಆ ಕಾಲಿಗೆ ಭಾರ ಬದಲಿಸುತ್ತಿದ್ದಳು. ಕಿಬ್ಬೊಟ್ಟೆಯ ಸ್ಕ್ಯಾನಿಗೆ ಹೊರಟವಳು ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಬೇರೆ ಯಾವುದರಲ್ಲಿ ಅಲ್ಲದಿದ್ದರೂ ಈ ವಿಷಯದಲ್ಲಿ ನನ್ನ ಕಣ್ಣು ಪಳಗಿದೆ.

ನನ್ನ ಸರದಿ ಬಂದದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ತಿಂಗಳ ಮುಟ್ಟು ತಿಂಗಳಿಗೆ ಬರುವುದನ್ನು ಮರೆತು, ಬಂದರೆ ಬಂದೆ ಎನ್ನುವ ನೆಂಟರ ಹಾಗೆ ಆಗಿತ್ತು. ಗದ್ದದ ಮೇಲೆ ನಾಲ್ಕು ಕೂದಲು ಹುಟ್ಟಿದ್ದವು. ಅವನ್ನು ಕೀಳಿಸಲು ನಾನು ದೊಡ್ಡನೆಕ್ಕುಂದಿಯಿಂದ ಜೀವನ್ ಬಿಮಾ ನಗರದವರೆಗೆ ಹೋಗುತ್ತಿದ್ದೆ, ಗುರುತಿನವರು ಸಿಗಬಾರದಲ್ಲ! ಅಮ್ಮ ಎಳ್ಳುಂಡೆ ತಿನ್ನಿಸಿದಳು, ಪರಂಗಿ ಹಣ್ಣು ತಿನ್ನಿಸಿದಳು, ಒಂದು ಹರಕೆಯನ್ನೂ ಹೊತ್ತಳು. ನಾನು ಫೋನಿನಲ್ಲಿ ಓದಿ ಓದಿ, ನನಗಿರುವ ಕಾಯಿಲೆಗಳ ಜೊತೆಗೆ ಇಲ್ಲದವನ್ನೂ ಸೇರಿಸಿಕೊಂಡು, ನನ್ನ ಕತೆ ಮುಗಿಯಿತು ಎಂದುಕೊಂಡೆ. ನನಗೆ ಮಕ್ಕಳಾಗುವುದಿಲ್ಲ, ನಾನು ಸರಿಯಾದ ಹೆಣ್ಣೇ ಅಲ್ಲ ಎಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ನಲ್ಲಿ ಬಿಡುತ್ತಿದ್ದುದು ಅಳು ಅಮ್ಮನಿಗೆ ಕೇಳಿಸಬಾರದೆಂದು.

ಕೊನೆಗೆ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನ್ ಎರಡನ್ನೂ ಬರೆದುಕೊಟ್ಟರು. ನಮ್ಮ ಬೀದಿಯ ತಿರುವಿನಲ್ಲೇ ಒಂದು ಸ್ಕ್ಯಾನ್ ಸೆಂಟರ್ ಇತ್ತು. ಅಮ್ಮ ಮಾತ್ರ ಅಲ್ಲಿಗೆ ಸುತರಾಂ ಒಪ್ಪಲಿಲ್ಲ. "ಮದ್ವೆ ಆಗ್ದಿರೋ ಹುಡುಗಿ ಸ್ಕ್ಯಾನ್ ಸೆಂಟರ್ ಮೆಟ್ಲು ಹತ್ತಿದ್ಲು ಅಂದ್ರೆ ಊರೋರು ಏನನ್ಕೋತಾರೆ? ಭಾನುವಾರ ಬೇರೆ ಹುಡುಗನ ಕಡೆಯೋರು ಬರ್ತಾರೆ." ಅಮ್ಮ ಊರು ಎಂದದ್ದನ್ನು ನೀವು ಬಂದು ನೋಡಬೇಕು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ರೂಮುಗಳು, ಆಚೆಗೆ ಕಾರ್ಖಾನೆ, ಅದರಾಚೆಗೆ ಗಾಜಿನ ಕಟ್ಟಡಗಳು. ಅಷ್ಟು ಜನರ ಮಧ್ಯೆ ಅಮ್ಮನ ಊರೆಂದರೆ ಹಳೆಯ ಇಪ್ಪತ್ತು ಮೂವತ್ತು ಮನೆಗಳು. ಅದರಲ್ಲೂ ಹಿಂದಿನ ಬೀದಿಯ ಜಯಮ್ಮ. ಜಯಮ್ಮನಿಗೆ ಗೊತ್ತಾದದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬುದು ಅಮ್ಮನ ನಂಬಿಕೆ.

ಹೀಗಾಗಿ ಶಿವಾಜಿನಗರದ ಕಡೆಯ ಒಂದು ಸೆಂಟರ್ ನಿಗದಿಯಾಯಿತು. ಅಷ್ಟು ದೂರಕ್ಕೆ ನಮ್ಮವರು ಯಾರೂ ಬರುವುದಿಲ್ಲ. ಬೀದಿಯಲ್ಲಿ ಕೇಳಿದವರಿಗೆ ಹೇಳಲು ಅಮ್ಮ ಒಂದು ಮಾತನ್ನೂ ಸಿದ್ಧಮಾಡಿಕೊಂಡಳು: ಪೂಜೆಗೆ ಹೂವು ತರಲು ಅಲ್ಲಿನ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದೇವೆ. ಮಾತಿಗೆ ಸಾಕ್ಷಿಯಾಗಿ ಒಂದು ದೊಡ್ಡ ವೈರಿನ ಬುಟ್ಟಿಯೂ ಹೊರಟಿತು.

ಜೊತೆಗೆ ಸರೋಜತ್ತೆ. ಅಪ್ಪನ ಅಕ್ಕ. ಹಲಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಿಯಾದವರು. ಡಾಕ್ಟರು, ಪರೀಕ್ಷೆ ಎಂದರೆ ಅಮ್ಮನಿಗೆ ನಾಲಿಗೆ ಕಟ್ಟುತ್ತಿದ್ದುದರಿಂದ ಅತ್ತೆ ಬರಲೇಬೇಕಾಯಿತು. ಆದರೆ ಗುಟ್ಟಿನ ಕೆಲಸಕ್ಕೆ ಇವರಿಗಿಂತ ಒಗ್ಗದವರು ಹುಡುಕಿದರೂ ಸಿಗುತ್ತಿರಲಿಲ್ಲ. ಮೈದಾನದ ಆ ತುದಿಗೆ ಕೇಳಿಸಲೆಂದು ಮೂವತ್ತು ವರ್ಷ ಬೆಳೆಸಿದ ದನಿ ಅವರದು, ಅದನ್ನು ಇಳಿಸುವುದು ಅವರಿಗೆ ಬರುತ್ತಿರಲಿಲ್ಲ. "ಅಕ್ಕಾ, ಸ್ವಲ್ಪ ಮೆತ್ಗೆ" ಎಂದು ಅಮ್ಮ ಆಟೋದಲ್ಲೇ ಬೇಡಿಕೊಂಡಳು. "ಮೆತ್ಗೇನೇ ಮಾತಾಡ್ತಿದೀನಲ್ಲೇ!" ಎಂದರು ಅತ್ತೆ. ಆಟೋದವನು ತಿರುಗಿ ನೋಡಿದ.

ರಕ್ತ ಪರೀಕ್ಷೆಗೆ ಹೊಟ್ಟೆ ಖಾಲಿ ಇರಬೇಕು, ಸ್ಕ್ಯಾನಿಗೆ ಮೂತ್ರಕೋಶ ಭರ್ತಿ ಇರಬೇಕು. ಮನೆಯಲ್ಲೇ ಚೊಂಬುಗಟ್ಟಲೆ ನೀರು ಕುಡಿದು ಹೊರಟೆ. ಬೀದಿ ತಿರುವಿನ ಸೆಂಟರಾಗಿದ್ದರೆ ಇದು ಜಾಣತನ. ನಮ್ಮ ಆಟೋ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತದ್ದು ನಿಂತೇ ಇತ್ತು. ನಾನು ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ. ಒಂದೊಂದು ರಸ್ತೆಯುಬ್ಬಿಗೂ ಜೀವ ಹೋಗಿ ಬಂತು. ಸೆಂಟರ್ ತಲುಪಿ ರಕ್ತ ಕೊಟ್ಟವಳೇ, ಯಾರಿಗೂ ಹೇಳದೆ ಶೌಚಾಲಯಕ್ಕೆ ಓಡಿದೆ. ಆಹಾ, ಆ ಸುಖ! ಹೊರಗೆ ಬಂದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಎಲ್ಲಾ ಖಾಲಿ ಮಾಡ್ಬಿಟ್ಯಾ? ಇನ್ನ್ ಮೊದ್ಲಿಂದ ಕುಡಿ!"

ಕೌಂಟರಿನ ಹುಡುಗಿ, "ಮ್ಯಾರೀಡಾ, ಅನ್‌ಮ್ಯಾರೀಡಾ?" ಎಂದಳು. ಮದುವೆಯಾಗದವರಿಗೆ ಹೊಟ್ಟೆಯ ಮೇಲಿನಿಂದ ಮಾತ್ರ ಸ್ಕ್ಯಾನ್, ಅದಕ್ಕೇ ಕೇಳುತ್ತಾರೆ. ಅಮ್ಮ ನೆಲ ನೋಡಿದಳು. ಅತ್ತೆ ಹಾಲಿಗೆಲ್ಲ ಕೇಳುವಂತೆ, "ಅನ್‌ಮ್ಯಾರೀಡು! ಪಿಸಿಓಡಿ ಇರ್ಬೋದು ಅಂತ ಸ್ಕ್ಯಾನ್ ಬರ್ದಿದಾರೆ. ಆರು ತಿಂಗಳಿಂದ ಮುಟ್ಟೇ ಆಗಿಲ್ಲ ಹುಡುಗಿ" ಎಂದರು. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧ ಎಂದು ಬರೆದಿದ್ದ ಬೋರ್ಡನ್ನು ನಾನು ಒಂದಕ್ಷರ ಬಿಡದೆ ಓದಿದೆ. ನೆಲ ಬಾಯಿಬಿಡಬಾರದೇ ಎನಿಸಿತು.

ಮೂಲೆಯ ಕುರ್ಚಿಯಲ್ಲಿದ್ದ ಒಬ್ಬ ಹೆಂಗಸು ಅತ್ತೆಯ ದನಿಗೆ ತಲೆಯೆತ್ತಿದರು. ಜಯಮ್ಮ!

ಪಕ್ಕದಲ್ಲಿ ಅವರ ಮಗಳು ಪವಿತ್ರ, ಕೈಯಲ್ಲಿ ನೀರಿನ ಬಾಟಲಿ. ಕಾಲ ಬಳಿ ಖಾಲಿ ವೈರಿನ ಬುಟ್ಟಿ, ಬಣ್ಣವೊಂದು ಬಿಟ್ಟರೆ ನಮ್ಮದರ ಹಾಗೆಯೇ. ಜಯಮ್ಮ ಎದ್ದು ನಿಂತು, "ಹೂವಿಗೆ ಅಂತ ಬಂದ್ವಿ... ರಸೆಲ್ ಮಾರ್ಕೆಟ್‌ಗೆ" ಎಂದು ತೊದಲಿದರು. "ನಾವೂ ಹೂವಿಗೇ" ಎಂದಳು ಅಮ್ಮ. ಇಬ್ಬರೂ ಒಬ್ಬರ ಬುಟ್ಟಿಯನ್ನು ಒಬ್ಬರು ನೋಡಿಕೊಂಡರು. ಅತ್ತೆ ಇಬ್ಬರನ್ನೂ ನೋಡಿದರು.

"ಇಲ್ಲಿ ಮೊಳ ಹೆಂಗಂತೆ ಜಯಮ್ಮ?"

ಮೊದಲು ನಕ್ಕದ್ದು ಪವಿತ್ರ, ಬಾಯಲ್ಲಿದ್ದ ನೀರೆಲ್ಲ ಹೊರಗೆ ಬಂತು. ಆಮೇಲೆ ಜಯಮ್ಮ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಏನ್ ಮಾಡ್ಲಿ ಅಕ್ಕಾ, ನಿಮ್ಗೆ ಗೊತ್ತಾಗ್ಬಾರ್ದು ಅಂತಾನೇ ಇಷ್ಟ್ ದೂರ ಬಂದೆ" ಎಂದರು ಅಮ್ಮನಿಗೆ. ಅಮ್ಮ ಅವರ ಪಕ್ಕ ಹೋಗಿ ಕೂತಳು. ಎದುರಿಗಿದ್ದ ಬುರ್ಖಾದ ಹೆಂಗಸೊಬ್ಬರು, "ನಮ್ ಮಗ್ಳ್‌ಗೂ ಅದೇ ಐತೆ, ಮಾತ್ರೆ ತಗೊಂಡು ಈಗ ಚೆನ್ನಾಗವ್ಳೆ" ಎಂದು ಕುರ್ಚಿ ಎಳೆದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಆ ಹಾಲಿನಲ್ಲಿ ಯಾರ ಮಾತು ಯಾರಿಗೆ ಎಂದು ತಿಳಿಯದಷ್ಟು ಗದ್ದಲ. ನಾನು ಮತ್ತು ಪವಿತ್ರ ಬಾಟಲಿ ಬದಲಾಯಿಸಿಕೊಂಡು ನೀರು ಕುಡಿದೆವು. ತಿಂಗಳುಗಟ್ಟಲೆ ನನ್ನೊಬ್ಬಳ ಶಾಪ ಎಂದುಕೊಂಡದ್ದು ನಮ್ಮ ಹಿಂದಿನ ಬೀದಿಯಲ್ಲೇ ಇನ್ನೊಬ್ಬಳಿಗೂ ಇತ್ತು. ಅವಳೂ ನಲ್ಲಿ ಬಿಟ್ಟುಕೊಂಡೇ ಅಳುತ್ತಿದ್ದಳಂತೆ.

ಸ್ಕ್ಯಾನಿನ ಬಗ್ಗೆ ಹೇಳಲು ಹೆಚ್ಚಿಗೆ ಇಲ್ಲ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು, ಅದರ ಮೇಲೆ ಒತ್ತುವ ಯಂತ್ರ, ಪರದೆಯಲ್ಲಿ ಬೂದು ಬಣ್ಣದ ಮೋಡ. ಮುಗಿದ ಮೇಲೆ ಖಾಲಿ ಬುಟ್ಟಿ ಹಿಡಿದು ಊರಿಗೆ ಮರಳುವುದು ಹೇಗೆ? ಐದೂ ಜನ ನಿಜಕ್ಕೂ ರಸೆಲ್ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ ತುಂಬಿಸಿಕೊಂಡು ಬಂದೆವು. ನಮ್ಮ ಮನೆಯ ದೇವರುಗಳು ಆ ವಾರ ಹೂವಿನಲ್ಲಿ ಮುಳುಗಿಹೋದರು.

ಎರಡು ದಿನ ಬಿಟ್ಟು ಡಾಕ್ಟರು ರಿಪೋರ್ಟುಗಳನ್ನು ಒಟ್ಟಿಗೆ ನೋಡಿದರು. ಪಿಸಿಓಡಿಯೇ. ಅಮ್ಮ, "ಗಡ್ಡೆನಾ ಡಾಕ್ಟ್ರೇ?" ಎಂದಳು. ಗಡ್ಡೆಯಲ್ಲ, ಅಂಡಾಶಯದಲ್ಲಿ ಪೂರ್ತಿ ಬೆಳೆಯದೆ ನಿಂತ ಅಂಡಾಣುಗಳ ಸಣ್ಣ ಸಣ್ಣ ಚೀಲಗಳು ಎಂದು ಅವರು ಬಿಡಿಸಿ ಹೇಳಿದರು. ನಡಿಗೆ, ಊಟ, ಮಾತ್ರೆ, ಆಗಾಗ ಸಕ್ಕರೆಯ ಪರೀಕ್ಷೆ. ಮಗು ಬೇಕೆನಿಸಿದಾಗ ಸ್ವಲ್ಪ ಚಿಕಿತ್ಸೆ ಬೇಕಾಗಬಹುದು, ಬೇಕಾಗದೆಯೂ ಇರಬಹುದು. ಇಷ್ಟೇನಾ ಎನಿಸಿತು. ಹೆಸರಿಲ್ಲದ ಭಯಕ್ಕಿಂತ ಹೆಸರಿರುವ ಕಾಯಿಲೆ ಎಷ್ಟೋ ವಾಸಿ.

ಭಾನುವಾರ ಹುಡುಗನ ಕಡೆಯವರು ಬಂದರು. ಏನೂ ಬಾಯಿಬಿಡಬೇಡ ಎಂದು ಅಮ್ಮ ಅಷ್ಟು ಹೇಳಿದ್ದರೂ, ಟೆರೇಸಿನ ಮೇಲೆ ಮಾತಾಡಲು ಬಿಟ್ಟಾಗ ನಾನು ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಕೆಳಗಿಳಿದು ಬಂದು, ಹೇಳಿದೆ ಎಂದು ಅಮ್ಮನಿಗೂ ಹೇಳಿದೆ. ಅವನು ಸಭ್ಯ, ಉಪ್ಪಿಟ್ಟು ಚೆನ್ನಾಗಿದೆ ಎಂದು ಹೋದ. ವಾರದೊಳಗೆ, ಮೊದಲೇ ಕೂಡಿಬಂದಿದ್ದ ಜಾತಕ ಕೂಡಿಬರಲಿಲ್ಲ ಎಂಬ ಸುದ್ದಿ ಬಂತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಅತ್ತೆಯ ಜೊತೆ ಹಬ್ಬದವರೆಗೂ ಮಾತು ಬಿಟ್ಟಳು. "ನಿಮ್ಮನ್ನ್ ನೋಡೇ ಅಕ್ಕಾ ಅವ್ಳು ಕಲ್ತಿದ್ದು" ಎಂಬುದು ಅವಳ ದೂರು. ನಿಜವೇ. ನನಗೂ ಬೇಜಾರಾಯಿತು, ಇಲ್ಲವೆನ್ನಲಾರೆ. ಹುಡುಗ ನೋಡಲು ಚೆನ್ನಾಗಿದ್ದ. ಆದರೆ ಆಮೇಲೆ ನಾನು ನಲ್ಲಿ ಬಿಟ್ಟುಕೊಂಡು ಅತ್ತದ್ದಿಲ್ಲ. ಅದಕ್ಕಾಗಿ ಅತ್ತೆಗೆ ಒಮ್ಮೆ ಥ್ಯಾಂಕ್ಸ್ ಹೇಳಿದೆ. "ಯಾತಕ್ಕೇ?" ಎಂದು ಅವರು ನಿಜವಾಗಿಯೂ ಬೆರಗಾದರು. ತಾನೇನು ಮಾಡಿದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈ ಜನ್ಮಕ್ಕೆ ಅವರ ಋಣ ತೀರುವುದಿಲ್ಲ.

ಇದನ್ನೆಲ್ಲ ನೆನೆಯುತ್ತ ಆಫೀಸು ಸೇರಿದವಳು ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿದೆ. ಹಿಂದಿನಿಂದ ಜನರ ಸದ್ದು ಕೇಳಿಸುತ್ತಿತ್ತು.

"ಎಲ್ಲಿದೀಯಮ್ಮಾ?"

"ನಮ್ ಬೀದಿ ಸ್ಕ್ಯಾನ್ ಸೆಂಟರ್‌ನಲ್ಲಿ ಕಣೇ. ಮೇಲಿನ ರೂಮಿನ ರೇಣುಕಾ ಇಲ್ವಾ, ಕಲಬುರಗಿಯೋಳು, ಅವಳ ಮಗಳಿಗೆ ಸ್ಕ್ಯಾನ್. ರೇಣುಕಾಗೆ ಫ್ಯಾಕ್ಟ್ರೀಲಿ ರಜಾ ಕೊಡ್ಲಿಲ್ಲ, ನಾನೇ ಕರ್ಕೊಂಬಂದೆ."

ಬೀದಿ ತಿರುವಿನ ಅದೇ ಸೆಂಟರ್. ನನಗೆ ಕೀಟಲೆ ಮಾಡುವ ಮನಸ್ಸಾಯಿತು. "ಊರೋರು ಏನನ್ಕೋತಾರಮ್ಮಾ?"

"ಅನ್ಕೊಳ್ಳಿ ಬಿಡು" ಎಂದಳು ಅಮ್ಮ. "ನೋಡು, ಈ ಹುಡುಗಿ ತುಂಬಾ ಹೆದ್ರ್‌ಕೊಂಡಿದೆ. ನನ್ ಮಗಳಿಗೂ ಇದೇ ಇರೋದು ಅಂದ್ರೆ ನಂಬ್ತಿಲ್ಲ. ನೀನೇ ಹೇಳು." ಫೋನು ಕೈ ಬದಲಾಯಿತು. ಪಿಸುಗುಟ್ಟುವ ಒಂದು ದನಿ ಬಂತು. "ಅಕ್ಕಾ, ಭಾಳ ತ್ರಾಸ ಆಗ್ತದೇನ್ರಿ?"

ಎದ್ದು ಹೊರಗೆ ಹೋಗಿ ಮಾತಾಡಬಹುದಿತ್ತು. ನಾನು ಕೂತಲ್ಲೇ ಹೇಳಿದೆ: "ಏನೂ ಆಗಲ್ಲ ಕಣಮ್ಮ. ನಂಗೂ ಪಿಸಿಓಡಿ ಇದೆ. ಆರಾಮಾಗಿದೀನಿ."

ಅಕ್ಕಪಕ್ಕದ ಮೇಜುಗಳಲ್ಲಿ ತಲೆಗಳು ಮೇಲೆದ್ದವು. ನಾನು ದನಿ ಇಳಿಸಲಿಲ್ಲ.